ಮೊಣಕೈ ನೋವಿಗೆ ಗ್ಲುಟಮೇಟ್ ಕಾರಣವಂತೆ, ಹಾಗಾದ್ರೆ ಅಜಿನೊಮೊಟೊ ಬಿಡಬೇಕಾ?

ಮೆಟ್ಟುಗತ್ತಿ (ಶಿರಸಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಅಡಿಕೆ ತೋಟದ ಮನೆ. ಕೊಯ್ಲು ಶುರುವಾಯ್ತು ಅಂದ್ರೆ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಸುಲಿಯೋಕೆ ಕೂರೋದು, ಹನ್ನೊಂದು ಹನ್ನೊಂದೂವರೆ ತನಕ. ಆಳು ಸಿಗದ ವರ್ಷ ನಾನು, ಅತ್ತೆ, ಪಕ್ಕದ ಮನೆಯವರಿಬ್ಬರು. ಮೆಟ್ಟುಗತ್ತಿ ನೋಡದವರಿಗೆ ಹೇಳ್ತೇನೆ: ಮರದ ಮಣೆಗೆ ನೆಟ್ಟ ಕತ್ತಿ ಅದು. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಹಸಿ ಅಡಿಕೆಯನ್ನು ಎರಡೂ ಕೈಯಿಂದ ಅಲಗಿಗೆ ಒತ್ತಿ, ಮಣಿಕಟ್ಟು ತಿರುಚಿ ಸಿಪ್ಪೆ ಬಿಡಿಸಬೇಕು. ಒಂದು ಅಡಿಕೆಗೆ ಮೂರ್ನಾಲ್ಕು ತಿರುಚು. ಒಂದು ಡಬ್ಬಕ್ಕೆ ಎಷ್ಟಾಗ್ತದೆ ಅಂತ ನಾನು ಲೆಕ್ಕ ಹಾಕೋಕೆ ಹೋಗಿಲ್ಲ, ಹಾಕಿದ್ರೆ ಮತ್ತೆ ಕೂರೋಕೆ ಮನಸ್ಸು ಬರಲಿಕ್ಕಿಲ್ಲ.

ಹೋದ ಡಿಸೆಂಬರಿಂದ ಬಲ ಮೊಣಕೈಯ ಹೊರಮಗ್ಗುಲಲ್ಲಿ ನೋವು. ಬೆರಳಿಟ್ಟು ತೋರಿಸಬಹುದು, ಎಂಟಾಣೆ ಅಗಲದ ಜಾಗ. ಸುಮ್ಮನಿದ್ರೆ ಏನೂ ಇಲ್ಲ. ಒದ್ದೆ ಬಟ್ಟೆ ಹಿಂಡುವಾಗ, ತುಂಬಿದ ಚಹಾ ಪಾತ್ರೆ ಎತ್ತುವಾಗ ಮಾತ್ರ ಕಣ್ಣಲ್ಲಿ ನೀರು ಬರ್ತದೆ. ಡಾಕ್ಟರು ‘ಟೆನಿಸ್ ಎಲ್ಬೋ’ ಅಂದ್ರು. ಟೆನಿಸ್ ಬ್ಯಾಟನ್ನು ನಾನು ಟೀವಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಹದಿನೈದು ದಿನ ಡೈಕ್ಲೋಫಿನಾಕ್ ನುಂಗಿದೆ. ಹೊಟ್ಟೆ ಉರಿ ಬಂತು, ಕೈನೋವು ಇದ್ದಲ್ಲೇ ಇತ್ತು. ಅತ್ತೆಯದು ಒಂದೇ ಮಾತು: “ಅಡಿಕೆ ನಮ್ಮ ಕೈನೋವು ಕೇಳ್ತಿಲ್ಲೆ ಕೂಸೇ.”

ನಾನು ಇಪ್ಪತ್ತೈದು ವರ್ಷದ ಹಿಂದೆ ಬಿಎಸ್ಸಿ ಪ್ರಾಣಿಶಾಸ್ತ್ರ ಓದಿದವಳು. ಆ ಹಳೇ ಚಟ, ಮಗಳ ಮೊಬೈಲಲ್ಲಿ ಹುಡುಕ್ತಾ ಕೂತೆ. ಸ್ವೀಡನ್ನಿನ ವೈದ್ಯರು ಇಂಥ ನೋವಿನ ಸ್ನಾಯುರಜ್ಜುವಿನೊಳಗೇ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ಅದು) ಸಣ್ಣ ಕೊಳವೆ ಇಟ್ಟು ನೋಡಿದ್ರಂತೆ. ಉರಿಯೂತದ ಪ್ರೊಸ್ಟಾಗ್ಲಾಂಡಿನ್ ಹೆಚ್ಚಿರಲಿಲ್ಲವಂತೆ, ಹೆಚ್ಚಿದ್ದದ್ದು ಗ್ಲುಟಮೇಟ್. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಗ್ಲುಟಮೇಟ್ ಅಂದ್ರೆ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ರಾಸಾಯನಿಕ, ಮಿದುಳು, ಬೆನ್ನುಹುರಿಯ ಕಾರಭಾರ ಅಂತ ನಾವು ಓದಿದ್ದು. ಮೊಣಕೈಯಲ್ಲಿ ಅದಕ್ಕೇನು ಕೆಲಸ? ಅಜಿನೊಮೊಟೊದಲ್ಲಿ ಇರೋದೂ ಅದೇ ಅಲ್ವಾ? ನಮ್ಮನೆಯವರು ಶಿರಸಿ ಪೇಟೆಗೆ ಹೋದಾಗೆಲ್ಲ ಗೋಬಿ ಮಂಚೂರಿ ಕಟ್ಟಿಸಿಕೊಂಡು ಬರ್ತಾರೆ, ಮಗಳೂ ನಾನೂ ತಿಂತೇವೆ. ಬಿಡಬೇಕಾ? ಗ್ಲುಟಮೇಟನ್ನೇ ತಡೆಯೋ ಮಾತ್ರೆ ಏನಾದ್ರೂ ಉಂಟಾ?

ಉಪ್ಪುಹುಳಿಖಾರ

ಅಜಿನೊಮೊಟೊ ವಿಷ ಮೇಡಂ. ಇವತ್ತೇ ಬಿಡಿ. ಚೈನೀಸ್ ಹೋಟೆಲ್ ಊಟ ಮಾಡಿದರೆ ಕತ್ತು ಜೋಮು ಹಿಡಿಯುತ್ತೆ ಅಂತ ಅಮೆರಿಕದವರೇ ಎಂದೋ ಬರೆದಿದ್ದಾರೆ. ನಿಮ್ಮ ಕೈಗೂ ಅದೇ ಆಗಿರೋದು.

ನರತುದಿ (ಊರು ದಾವಣಗೆರೆ, ಸದ್ಯ ಡೆನ್ಮಾರ್ಕಿನ ಆರ್ಹುಸ್)

ಅಕ್ಕ, ನೋವಿನ ನರಗಳ ಮೇಲೇ ನನ್ನ ಓದು. ನಿಮ್ಮ ಪ್ರಶ್ನೆ ನೋಡಿ ನಿಜಕ್ಕೂ ಖುಷಿಯಾಯ್ತು. ನೀವು ಓದಿದ್ದು ಸರಿಯಾಗಿಯೇ ಇದೆ. ಅದು ಉಮಿಯೊ ಊರಿನ ಹೊಕಾನ್ ಆಲ್ಫ್ರೆಡ್‌ಸನ್ ತಂಡದ ಕೆಲಸ. 1999ರಲ್ಲಿ ಹಿಮ್ಮಡಿಯ ಮೇಲಿನ ರಜ್ಜುವಿನಲ್ಲಿ ನೋಡಿದರು, ಮರುವರ್ಷ ಟೆನಿಸ್ ಎಲ್ಬೋದಲ್ಲಿ. ಕೊಳವೆ ಅಂದರೆ ದಾರದಷ್ಟು ತೆಳ್ಳಗಿರುತ್ತೆ, ತುದಿಯ ಗೋಡೆ ಜರಡಿಯಂತೆ. ಒಳಗೆ ತುಂಬಾ ನಿಧಾನವಾಗಿ ದ್ರವ ಹರಿಸುತ್ತಾರೆ. ಸುತ್ತಲಿನ ಸಣ್ಣ ಅಣುಗಳು ಜರಡಿ ದಾಟಿ ಅದಕ್ಕೆ ಸೇರಿಕೊಂಡು ಹೊರಗೆ ಬರುತ್ತವೆ, ಅದನ್ನು ಅಳೆಯುತ್ತಾರೆ. ಪರೀಕ್ಷೆಗೆ ಒಳಪಟ್ಟವರು ಬೆರಳೆಣಿಕೆಯಷ್ಟು ಜನ, ಅದು ನೆನಪಿರಲಿ. ‘ಉರಿಯೂತ ಇಲ್ಲವೇ ಇಲ್ಲ’ ಅಂತ ಅವತ್ತು ಅಂದುಕೊಂಡಿದ್ದೂ ಆಮೇಲೆ ಸ್ವಲ್ಪ ಸಡಿಲವಾಗಿದೆ. ಆದರೂ ನಿಮ್ಮ ಡೈಕ್ಲೋಫಿನಾಕ್ ಯಾಕೆ ಸೋತಿತು ಅನ್ನೋದಕ್ಕೆ ಅಲ್ಲೊಂದು ಸುಳಿವು ಇದೆ. ಆ ಮಾತ್ರೆ ಮಾಡುವುದು ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುವ ಕೆಲಸ. ಮಾಡು ಸೋರುತ್ತಿರುವುದು ಒಂದು ಕಡೆ, ಹೆಂಚು ಬದಲಿಸಿದ್ದು ಇನ್ನೊಂದು ಕಡೆ.

ಈಗ ಮೊಣಕೈಯಲ್ಲಿ ಗ್ಲುಟಮೇಟಿಗೇನು ಕೆಲಸ ಅನ್ನೋದು. ನೋವಿನ ನರಕೋಶದ ಒಡಲು ಇರೋದು ಮೊಣಕೈಯಲ್ಲೂ ಅಲ್ಲ, ಬೆನ್ನುಹುರಿಯಲ್ಲೂ ಅಲ್ಲ. ಬೆನ್ನುಹುರಿಯ ಪಕ್ಕ, ಮೂಳೆಗಳ ಸಂದಿಯಲ್ಲಿ ಒಂದು ಗಂಟಿನಂತಿದೆ, ಅಲ್ಲಿ. ಅಲ್ಲಿಂದ ಒಂದೇ ಎಳೆ ಹೊರಟು ಕವಲಾಗುತ್ತೆ. ಒಂದು ಕವಲು ಬೆನ್ನುಹುರಿಗೆ, ಇನ್ನೊಂದು ನಿಮ್ಮ ಮೊಣಕೈಗೆ. ಒಂದೇ ಮನೆಗೆ ಮುಂಬಾಗಿಲು, ಹಿತ್ತಲ ಬಾಗಿಲು ಅಂದುಕೊಳ್ಳಿ. ಬೆನ್ನುಹುರಿಯ ಕಡೆಯ ಬಾಗಿಲಲ್ಲಿ ಈ ಕೋಶ ಗ್ಲುಟಮೇಟ್ ಸುರಿಸಿ “ನೋವಾಗ್ತಿದೆ” ಅಂತ ಮುಂದಿನವರಿಗೆ ತಿಳಿಸುತ್ತೆ, ನೀವು ಬಿಎಸ್ಸಿಯಲ್ಲಿ ಓದಿದ್ದು ಅದು. ಆದರೆ ಗ್ಲುಟಮೇಟ್ ಹಿಡಿಯುವ ಗ್ರಾಹಕಗಳನ್ನು ಆ ಒಡಲಲ್ಲಿ ತಯಾರಿಸಿ ಸಾಗಿಸುವಾಗ ಬೆನ್ನುಹುರಿಯ ಕಡೆಗೆ ಮಾತ್ರ ಕಳಿಸಲ್ಲ, ಚರ್ಮ, ಕೀಲು, ಸ್ನಾಯುಗಳ ಕಡೆಯ ತುದಿಗೂ ಕಳಿಸುತ್ತೆ. 1995ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ನಿನಲ್ಲಿ ಸೂಸನ್ ಕಾರ್ಲ್ಟನ್, ರಿಚರ್ಡ್ ಕಾಗೆಷಲ್ ಮತ್ತು ಸಂಗಡಿಗರು ಇಲಿಯ ಪಾದದ ಚರ್ಮದಲ್ಲಿ, ಮಯಲಿನ್ ಹೊದಿಕೆ ಇಲ್ಲದ ಸಣ್ಣ ನರಗಳ ಮೇಲೆ ಎನ್‌ಎಂಡಿಎ, ಆಂಪಾ, ಕೈನೇಟ್ ಮೂರೂ ಬಗೆಯ ಗ್ರಾಹಕಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆ ಗ್ರಾಹಕಗಳನ್ನು ಕೆರಳಿಸುವ ರಾಸಾಯನಿಕವನ್ನು ಪಾದಕ್ಕೆ ಚುಚ್ಚಿದರೆ ಇಲಿ ಮೆತ್ತಗೆ ಮುಟ್ಟಿದರೂ ಕಾಲು ಎಳೆದುಕೊಳ್ಳುತ್ತಿತ್ತು. ಪಾದದಲ್ಲಿ ಉರಿಯೂತ ಎಬ್ಬಿಸಿದಾಗ ಎರಡೇ ದಿನದಲ್ಲಿ ಇಂಥ ಗ್ರಾಹಕ ಇರುವ ನರಗಳ ಪಾಲು ಏರಿತ್ತು.

ಅಲ್ಲಿಗೆ ಗ್ಲುಟಮೇಟ್ ಎಲ್ಲಿಂದ ಬರುತ್ತೆ? ನಮ್ಮ ಪ್ರತಿ ಜೀವಕೋಶದ ಒಳಗೂ ಅದು ಹೊರಗಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತೆ. ಕೋಶ ಜಖಂ ಆದರೆ ಸೋರುತ್ತೆ. ಉರಿಯೂತಕ್ಕೆ ಓಡಿ ಬರುವ ರಕ್ತಕಣಗಳೂ ಬಿಡುತ್ತವೆ. ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು, ನೋವಿನ ನರ ತಾನೇ ಬಿಡುತ್ತೆ ಅನ್ನೋದು. ಇಲಿಯ ಕಾಲಿನ ದೊಡ್ಡ ನರವನ್ನು ವಿದ್ಯುತ್ತಿನಿಂದ ಕೆರಳಿಸಿದಾಗ ಪಾದದ ಚರ್ಮದಲ್ಲಿ ಗ್ಲುಟಮೇಟ್ ಏರಿದ್ದನ್ನು ಅಳೆದಿದ್ದಾರೆ. ಅಂದರೆ ತಾನೇ ಕೂಗಿ, ತನ್ನ ಕೂಗನ್ನು ತಾನೇ ಕೇಳಿಸಿಕೊಂಡು, ಇನ್ನೂ ಜೋರಾಗಿ ಕೂಗುವುದು. ನಮ್ಮೂರ ಜಾತ್ರೆಯಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಕುಂಯ್ ಅನ್ನುತ್ತಲ್ಲ, ಹಾಗೆ.

ಗ್ರಾಹಕಗಳಲ್ಲಿ ಎಲ್ಲ ಒಂದೇ ಥರ ಅಲ್ಲ. ಆಂಪಾ, ಕೈನೇಟ್ ಗ್ಲುಟಮೇಟ್ ತಾಗಿದ ತಕ್ಷಣ ತೆರೆದುಕೊಳ್ಳುತ್ತವೆ. ಎನ್‌ಎಂಡಿಎ ಹಾಗಲ್ಲ, ಅದರ ಬಾಯಿಗೆ ಮೆಗ್ನೀಸಿಯಂ ಬೂಚು ಹಾಕಿದಂತಿರುತ್ತೆ. ನರ ಮೊದಲೇ ಕೆರಳಿದ್ದರೆ ಮಾತ್ರ ಬೂಚು ಕಳಚುತ್ತೆ. ಗಾಡಿಗೆ ಕೀ ಹಾಕಿದರೆ ಸಾಲದು, ಹ್ಯಾಂಡ್‌ಬ್ರೇಕೂ ಬಿಡಬೇಕು. ಹಳೆಯ ನೋವಿಗೂ ಹೊಸ ನೋವಿಗೂ ಇಷ್ಟು ವ್ಯತ್ಯಾಸ ಇರುವುದರಲ್ಲಿ ಇದರದ್ದೂ ಒಂದು ಪಾತ್ರ ಇದೆ.

ಈ ಮೂರಲ್ಲದೆ ಎಂಜಿಎಲ್‌ಯುಆರ್ ಎಂಬ ಗ್ರಾಹಕಗಳ ಇನ್ನೊಂದು ಕುಟುಂಬ ಇದೆ, ಒಟ್ಟು ಎಂಟು ಜನ. ಇವರು ಬಾಗಿಲು ತೆರೆಯುವವರಲ್ಲ, ಒಳಗೆ ಹೋಗಿ ಚಾಡಿ ಹೇಳುವವರು. ಅದರಲ್ಲಿ ಐದನೆಯವನು ಏನು ಮಾಡುತ್ತಾನೆ ಅಂದರೆ, ಖಾರಕ್ಕೂ ಬಿಸಿಗೂ ಸ್ಪಂದಿಸುವ ಟಿಆರ್‌ಪಿವಿ1 ಅನ್ನೋ ಬಾಗಿಲನ್ನು ಸಡಿಲಗೊಳಿಸುತ್ತಾನೆ (ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ತಂದುಕೊಟ್ಟ ಬಾಗಿಲು ಅದೇ). ಸಾಮಾನ್ಯವಾಗಿ ಅದು 43 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯುತ್ತೆ. ನೀವು ಸೂಜಿಮೆಣಸು ಹೆಚ್ಚಿದ ಕೈಯನ್ನು ಬೆಚ್ಚಗಿನ ನೀರಿಗೆ ಅದ್ದಿದ್ದೀರಾ? ನೀರು ಬೆಚ್ಚಗೇ ಇರುತ್ತೆ, ಕೈಗೆ ಮಾತ್ರ ಕುದಿಯುವ ನೀರು. ಗ್ಲುಟಮೇಟ್ ಖಾರವಿಲ್ಲದೆಯೇ ಅಂಥದ್ದೊಂದು ಸ್ಥಿತಿ ತರಬಲ್ಲದು. ಅದೇ ಕುಟುಂಬದ ಎರಡನೆಯವನು, ಮೂರನೆಯವನು ಮಾತ್ರ ಒಳ್ಳೆಯವರು. ಅವರು ನರತುದಿಯಲ್ಲಿ ಬ್ರೇಕ್ ಹಾಕುತ್ತಾರೆ. ಹಾಗಾಗಿ ‘ಗ್ಲುಟಮೇಟ್ ಕೆಟ್ಟದ್ದು’ ಅಂತ ಒಂದೇ ಏಟಿಗೆ ಹೇಳಲಿಕ್ಕೂ ಆಗಲ್ಲ.

ಇದೆಲ್ಲ ಇಲಿ ಕಥೆ ಅಂತ ನಿಮಗನಿಸಬಹುದು. ನನ್ನ ಮೇಲೇ ಆಗಿದ್ದು ಹೇಳ್ತೀನಿ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಪ್ರಯೋಗಕ್ಕೆ ಸ್ವಯಂಸೇವಕಿ ಬೇಕಿತ್ತು, ಒಪ್ಪಿಕೊಂಡೆ. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುತ್ತಲ್ಲ, ಆ ಸ್ನಾಯುವಿಗೆ ಗ್ಲುಟಮೇಟ್ ದ್ರಾವಣ, 0.2 ಮಿಲಿಲೀಟರ್, ಅಂದರೆ ನಾಲ್ಕೈದು ಹನಿ. ಕೈಗೆ ಒಂದು ಸಣ್ಣ ಪಟ್ಟಿ ಕೊಟ್ಟಿದ್ದರು, ನೋವು ಏರಿದಂತೆ ಗುಬುಟು ಸರಿಸಬೇಕು. ಮೊದಲು ಸೂಜಿಯ ಚುರುಕು, ಅದು ಹೋಯ್ತು. “ಇಷ್ಟೇನಾ” ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಕೆನ್ನೆ ಒಳಗಿನಿಂದ ಯಾರೋ ಹೆಬ್ಬೆರಳಿಂದ ಅದುಮಿದ ಹಾಗೆ ಮಂದವಾಗಿ ಶುರುವಾಗಿ, ದವಡೆಯ ಹಿಂದಿನ ಹಲ್ಲು, ಕಣತಲೆ ಎಲ್ಲ ಸೇರಿಕೊಂಡಿತು. ಹಲ್ಲುನೋವು ಅಂತಲೇ ಆಣೆ ಮಾಡಿ ಹೇಳುತ್ತಿದ್ದೆ, ಹಲ್ಲಿಗೆ ಏನೂ ಆಗಿರಲಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಇಳಿಯಿತು. ಆ ಸಂಜೆ ಚಪಾತಿ ಅಗಿಯುವಾಗ ಮಾತ್ರ ಆ ಕಡೆ ಹೋಗಲಿಲ್ಲ. ಜೊತೆಗಿದ್ದ ಹುಡುಗ ಗುಬುಟನ್ನು ನನಗಿಂತ ಬಹಳ ಕೆಳಗೇ ನಿಲ್ಲಿಸಿದ್ದ. ಜಂಬ ಅಂತ ಬೈದಿದ್ದೆ, ಪಾಪ. 2001ರಲ್ಲೇ ಬ್ರಯನ್ ಕೇರ್ನ್ಸ್, ಪೀಟರ್ ಸ್ವೆನ್ಸನ್ ಮತ್ತು ಇತರರು ಹೆಂಗಸರಿಗೆ ಇದರಿಂದ ಗಂಡಸರಿಗಿಂತ ಹೆಚ್ಚು ನೋವಾಗುತ್ತದೆ, ಹೆಣ್ಣಿಲಿಯ ನರಗಳೂ ಗಂಡಿಲಿಯದಕ್ಕಿಂತ ಹೆಚ್ಚು ಮಿಡಿಯುತ್ತವೆ ಅಂತ ತೋರಿಸಿದ್ದರು. “ಹೆಂಗಸರದ್ದು ನಾಟಕ” ಅನ್ನುವವರಿಗೆ ನಾನು ಇದನ್ನೇ ಹೇಳೋದು: ಇಲಿ ಯಾರ ಮುಂದೆ ನಾಟಕ ಆಡುತ್ತೆ?

ನರತುದಿ

ಅಜಿನೊಮೊಟೊ ಬಿಟ್ಟುಹೋಯ್ತು. @ಉಪ್ಪುಹುಳಿಖಾರ, ನೀವು ಹೇಳ್ತಿರೋದು 1968ರಲ್ಲಿ ಒಬ್ಬ ವೈದ್ಯರು ಪತ್ರಿಕೆಯೊಂದಕ್ಕೆ ಬರೆದ ಪತ್ರ. ಅದು ಪ್ರಯೋಗ ಅಲ್ಲ, ಅನುಮಾನ. ಆಮೇಲೆ ಯಾರಿಗೆ ಯಾವುದು ಕೊಟ್ಟಿದೆ ಅಂತ ಗುಟ್ಟಾಗಿಟ್ಟು ಮಾಡಿದ ಪರೀಕ್ಷೆಗಳಲ್ಲಿ ಅದು ಪ್ರತಿಸಲವೂ ಒಂದೇ ಥರ ಸಾಬೀತಾಗಲಿಲ್ಲ. ಖಾಲಿ ಹೊಟ್ಟೆಗೆ ಗ್ರಾಂಗಟ್ಟಲೆ ಕುಡಿಸಿದಾಗ ಕೆಲವರಿಗೆ ತಲೆನೋವು ಬಂದಿದ್ದುಂಟು, ಅದು ಗೋಬಿ ಮಂಚೂರಿಯ ಲೆಕ್ಕ ಅಲ್ಲ. ನಾವು ತಿಂದ ಗ್ಲುಟಮೇಟಿನ ಬಹುಪಾಲನ್ನು ಕರುಳಿನ ಕೋಶಗಳೇ ಉರುವಲು ಮಾಡಿಕೊಂಡುಬಿಡುತ್ತವೆ. 1908ರಲ್ಲಿ ಜಪಾನಿನ ಇಕೆಡಾ ಅದನ್ನು ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದರು ಅಷ್ಟೆ, ಅದಕ್ಕೂ ಮೊದಲಿನಿಂದ ಟೊಮೆಟೊದಲ್ಲಿ ಇತ್ತು, ತಾಯಿಹಾಲಲ್ಲೂ ಇತ್ತು. ಅಕ್ಕ, ಗೋಬಿ ಮಂಚೂರಿ ಬಿಡೋದಾದರೆ ಕರಿದ ಎಣ್ಣೆ ನೋಡಿ ಬಿಡಿ, ಮೊಣಕೈ ನೋಡಿ ಅಲ್ಲ.

ಅರಿವಳಿಕೆ (ಮಂಗಳೂರು)

ಮಾತ್ರೆ ಕೇಳಿದ್ರಲ್ಲ, ಅದಕ್ಕೆ ನನ್ನದೆರಡು ಮಾತು. ಎನ್‌ಎಂಡಿಎ ತಡೆಯುವ ಮದ್ದು ನಮ್ಮ ಕೈಯಲ್ಲಿ ದಿನಾ ಇರ್ತದೆ ಮಾರಾಯ್ರೆ, ಕೆಟಮಿನ್ ಅಂತ. ಆಪರೇಷನ್ ಥಿಯೇಟರಿನ ಹಳೇ ಸ್ನೇಹಿತ. ಸ್ವಯಂಸೇವಕರ ಚರ್ಮ ಸ್ವಲ್ಪ ಸುಟ್ಟು ಅಲ್ಲೇ ಚೂರು ಕೆಟಮಿನ್ ಚುಚ್ಚಿದ್ರೆ ಸುತ್ತಲಿನ ಸೂಕ್ಷ್ಮತೆ ಹಬ್ಬುವುದು ಕಡಿಮೆಯಾಗ್ತದೆ ಅಂತ ನಾರ್ವೆಯವರು 1997ರಲ್ಲಿ ತೋರಿಸಿದ್ದಾರೆ. ಮೇಲೆ ಹೇಳಿದ ಕೆನ್ನೆಯ ಪ್ರಯೋಗದಲ್ಲೂ ಗಂಡಸರಲ್ಲಿ ಕೆಲಸ ಮಾಡಿತ್ತು. ಆದ್ರೆ ನಿಜವಾದ ರೋಗಿಗಳು, ತಿಂಗಳುಗಟ್ಟಲೆ ದವಡೆ ನೋವಿದ್ದವರು, ಅವರಿಗೆ ಸ್ನಾಯುವಿಗೆ ಕೊಟ್ಟಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಮಾತ್ರೆ, ಇಂಜೆಕ್ಷನ್ ಅಂತ ಇಡೀ ಮೈಗೆ ಕೊಟ್ರೆ ಮಿದುಳಿಗೂ ಹೋಗ್ತದೆ: ತಲೆ ತಿರುಗುವುದು, ಇಲ್ಲದ್ದು ಕಾಣುವುದು, ಮೇಲಿಂದ ಚಟದ ಭಯ. ಮಿದುಳಿಗೆ ಗ್ಲುಟಮೇಟ್ ಬೇಕು, ಅದನ್ನು ಮೊಣಕೈಯ ಸಲುವಾಗಿ ಬಂದ್ ಮಾಡುವುದು ಹೇಗೆ? ಕೈನೋವಿಗೆ ಯಾರಾದ್ರೂ ಕೆಟಮಿನ್ ಬರೆದ್ರೆ ಚೀಟಿ ಹಿಡ್ಕೊಂಡು ಇನ್ನೊಬ್ಬ ಡಾಕ್ಟರ ಹತ್ರ ಹೋಗಿ.

ಕೈಕಾಲು ಗಟ್ಟಿ (ಹುಬ್ಬಳ್ಳಿ)

ಅಕ್ಕಾರ, ನಾ ಫಿಸಿಯೋಥೆರಪಿಸ್ಟ್ ಅದೀನ್ರಿ. ಇವರೆಲ್ಲಾ ಭಾಳ ಛಲೋ ಹೇಳ್ಯಾರ, ಖರೆ ನಿಮ್ಮ ಕೈ ಮುಂದ ಏನ್ ಮಾಡಬೇಕು ಅನ್ನೂದು ಉಳೀತು. ಮೊದಲ ಒಂದು ಮಾತು: ಯಾರರ ಸ್ಟೀರಾಯ್ಡ್ ಸೂಜಿ ಹಾಕಿಸ್ಕೋರಿ ಅಂದ್ರ ಗಡಿಬಿಡಿ ಮಾಡಬ್ಯಾಡ್ರಿ. ಒಂದೂವರಿ ತಿಂಗಳು ಸ್ವರ್ಗ, ಆಮ್ಯಾಲ ತಿರುಗಿ ಬರೂದು ಜಾಸ್ತಿ. ವರ್ಷದ ಕೊನೀಗೆ ನೋಡಿದ್ರ ಸೂಜಿ ಹಾಕಿಸ್ಕೊಂಡವರಿಗಿಂತ ಹಾಕಿಸ್ಕೊಳ್ಳದವರ ಛಲೋ ಇರ್ತಾರ ಅಂತ ಆಸ್ಟ್ರೇಲಿಯಾದಾಗ ಮಾಡಿದ ಪರೀಕ್ಷೆ ಹೇಳ್ತಾವ.

ಮುಂಗೈ ಟೇಬಲ್ ಮ್ಯಾಲ ಇಟ್ಟು, ಅಂಗೈ ಕೆಳಗ ಮಾಡಿ, ಮಣಿಕಟ್ಟು ಅಂಚಿನಿಂದ ಹೊರಗ ಬರೂ ಹಂಗ ಕೂಡ್ರಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡೀರಿ. ಇನ್ನೊಂದು ಕೈಲೇ ಎತ್ತಿಸ್ಕೊಂಡು, ಇಳಿಸೂದು ಮಾತ್ರ ನೋಯೂ ಕೈಲೇ, ಮೂರು ಎಣಿಸೂತನಕ ಸಾವಕಾಶ. ಹದಿನೈದರಂಗ ಮೂರು ಸಲ. ಸ್ವಲ್ಪ ನೋಯ್ತದ, ಅಂಜಬ್ಯಾಡ್ರಿ. ಮರುದಿನ ಮುಂಜಾನೆ ಹೆಚ್ಚಾಗಿದ್ರ ನೀರು ಕಡಿಮಿ ಮಾಡ್ರಿ. ಮೂರು ತಿಂಗಳು ಹಿಡೀತದ. ವಾರಕ್ಕ ಆಗ್ಲಿಲ್ಲ ಅಂತ ಬಾಟಲಿ ಒಗದು ಹೋಗಬ್ಯಾಡ್ರಿ, ನನ್ನ ಹಂತ್ಯಾಕ ಬರೂ ಅರ್ಧ ಮಂದಿ ಅದನ್ನ ಮಾಡ್ತಾರ. ಬಟ್ಟಿ ಹಿಂಡೂದು ಸದ್ಯಕ್ಕ ಯಜಮಾನರಿಗೆ ಕೊಡ್ರಿ. ಗೋಬಿ ಮಂಚೂರಿ ತರೂ ಕೈಗೆ ಅಷ್ಟು ಶಕ್ತಿ ಇರ್ತದ.

ಮೆಟ್ಟುಗತ್ತಿ (ಶಿರಸಿ ಹತ್ತಿರ)

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಕೊನೇ ಸಾಲನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಿದೆ.

ನರತುದಿ ತಂಗೀ, ಸೂಜಿಮೆಣಸಿನ ಮಾತು ಓದಿ ಅಂಗೈ ಉರಿದ ಹಾಗಾಯ್ತು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕೋ ದಿನ ನನಗೆ ಸ್ನಾನವೇ ಶಿಕ್ಷೆ. ಆದ್ರೆ ಒಂದು ತಿಳೀಲಿಲ್ಲ. ವ್ಯಾಯಾಮ ಮಾಡಿದ್ರೆ ಆ ಗ್ಲುಟಮೇಟ್ ತೊಳೆದು ಹೋಗ್ತದಾ? ಇಲ್ಲದಿದ್ರೆ ನೋವು ಕಡಿಮೆ ಆಗೋದು ಹೇಗೆ?

ನರತುದಿ

ಅಕ್ಕ, ನೀವು ಕೈ ಇಟ್ಟಿದ್ದು ಸರಿಯಾದ ಜಾಗಕ್ಕೆ. ಅದೇ ಉಮಿಯೊದವರಿಗೂ ಇದೇ ಅನುಮಾನ ಬಂದು 2003ರಲ್ಲಿ ಪರೀಕ್ಷೆ ಮಾಡಿದರು. ಹಿಮ್ಮಡಿ ನೋವಿದ್ದವರಿಗೆ ಹನ್ನೆರಡು ವಾರ, ಹುಬ್ಬಳ್ಳಿ ಸರ್ ಹೇಳಿದ ಥರದ್ದೇ ‘ಇಳಿಸುವ’ ವ್ಯಾಯಾಮ. ಮೊದಲೂ ಕೊಳವೆ ಇಟ್ಟು ಅಳೆದರು, ಆಮೇಲೂ ಅಳೆದರು. ನೋವು ಇಳಿದಿತ್ತು. ಗ್ಲುಟಮೇಟ್ ಹಾಗೇ ಇತ್ತು!

ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು, ಇಷ್ಟು ಚೆಂದದ ಕಥೆಯ ಕೊನೆಯ ಪುಟ ಹರಿದ ಹಾಗೆ. ಈಗ ಹಾಗನ್ನಿಸಲ್ಲ. ಗ್ಲುಟಮೇಟ್ ಎಷ್ಟಿದೆ ಅನ್ನೋದು ಒಂದು ಲೆಕ್ಕ, ಅದನ್ನು ಕೇಳಿಸಿಕೊಳ್ಳುವ ನರತುದಿಗಳು ಎಷ್ಟಿವೆ, ಎಷ್ಟು ಕಿವಿಗೊಡುತ್ತಿವೆ ಅನ್ನೋದು ಬೇರೆ ಲೆಕ್ಕ. ನೋವಿರುವ ರಜ್ಜುವಿನೊಳಕ್ಕೆ ಹೊಸ ರಕ್ತನಾಳಗಳ ಜೊತೆ ಸಣ್ಣ ನರಗಳೂ ನುಗ್ಗಿರುತ್ತವೆ, ಆ ನರಗಳ ಮೇಲೆ ಎನ್‌ಎಂಡಿಎ ಗ್ರಾಹಕ ಇರುವುದನ್ನೂ ನೋಡಿದ್ದಾರೆ. ಅದೇ ವ್ಯಾಯಾಮದಿಂದ ನೋವು ಹೋದ ಅನೇಕರಲ್ಲಿ ಆ ಹೊಸ ರಕ್ತನಾಳಗಳು ಸ್ಕ್ಯಾನಿನಲ್ಲಿ ಕಾಣೆಯಾಗಿದ್ದವು. ಬೆನ್ನುಹುರಿಯೂ ಈ ಮಾತಿಗೆ ಎಷ್ಟು ಗಮನ ಕೊಡಬೇಕು ಅನ್ನೋದನ್ನು ಬದಲಿಸಿಕೊಳ್ಳುತ್ತೆ. ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ನಮ್ಮ ಲ್ಯಾಬಿನ ಕಾಫಿ ಟೇಬಲ್ಲಿನಲ್ಲಿ ಇವತ್ತಿಗೂ ಜಗಳ ನಡೆಯುತ್ತೆ. ನಾನು ನರತುದಿಯ ಪಾರ್ಟಿ, ಹೆಸರು ನೋಡಿದರೇ ಗೊತ್ತಾಗುತ್ತಲ್ಲ.

ಉಪ್ಪುಹುಳಿಖಾರ

ಆದರೂ ನಾನು ಅಜಿನೊಮೊಟೊ ತಿನ್ನಲ್ಲ.

ಅರಿವಳಿಕೆ (ಮಂಗಳೂರು)

ತಿನ್ಬೇಡಿ ಮಾರಾಯ್ರೆ, ಯಾರು ಒತ್ತಾಯ ಮಾಡ್ತಾರೆ.

ಮೆಟ್ಟುಗತ್ತಿ (ಶಿರಸಿ ಹತ್ತಿರ)

ಹತ್ತು ವಾರ ಆಯ್ತು, ಬರೀಬೇಕು ಅನ್ನಿಸ್ತು. ಅರ್ಧ ಲೀಟರಿಂದ ಶುರು ಮಾಡಿ ಈಗ ಒಂದು ಲೀಟರ್ ಬಾಟಲಿಗೆ ಬಂದಿದ್ದೇನೆ. ನಡುವೆ ಐದನೇ ವಾರದಲ್ಲಿ ಅತ್ತಿಗೆ ಮನೆ ಪೂಜೆಗೆ ಹೋಗಿ ಎಂಟು ತೆಂಗಿನಕಾಯಿ ತುರಿದೆ. ಮರುದಿನ ಮತ್ತೆ ಮೊದಲಿನ ಕಥೆ, ಒಂದು ವಾರ ಬಾಟಲಿ ಮುಟ್ಟಲಿಲ್ಲ. ಆಮೇಲೆ ಸುಧಾರಿಸ್ತು. ನಿನ್ನೆ ತುಂಬಿದ ಚಹಾ ಪಾತ್ರೆಯನ್ನು ಬಲಗೈಲೇ ಎತ್ತಿ ಬಗ್ಗಿಸಿದೆ. ನೋವು ಇಲ್ಲ ಅಂತಲ್ಲ, ಎಂಟಾಣೆ ಜಾಗ ಈಗ ಹುಣಿಸೆ ಬೀಜದಷ್ಟಾಗಿದೆ.

ಅತ್ತೆ ದಿನಾ ಸಂಜೆ ನಾನು ಬಾಟಲಿ ಹಿಡಿದು ಕೂರೋದನ್ನು ನೋಡ್ತಾ ನಗ್ತಿದ್ರು. ಮೊನ್ನೆ ಮೆಲ್ಲಗೆ ಬಂದು ತಮ್ಮ ಎಡ ಮೊಣಕೈ ತೋರಿಸಿ, “ಇಲ್ಲೂ ಸುಮಾರು ವರ್ಷದಿಂದ ಇದ್ದು” ಅಂದ್ರು. ಅವರಿಗೆ ಎಪ್ಪತ್ತೊಂದು. ಹುಬ್ಬಳ್ಳಿ ಸರ್, ಅವರಿಗೆ ಎಷ್ಟು ನೀರಿಂದ ಶುರು ಮಾಡಿಸಲಿ?